ಶಾಲೆಯ ರಜೆ ಆ್ಯಪ್: ಜ್ವರಕ್ಕೆ ಐದು ಸ್ಟಾರ್, ಮದುವೆಗೆ ಒಂದೂವರೆ

ಶಾಲೆ ಬಗ್ಗೆ ನನ್ನದೇನೂ ದೊಡ್ಡ ತಕರಾರಿಲ್ಲ. ಪಾಠ ಚೆನ್ನಾಗಿದೆ, ಮಿಸ್‌ಗಳು ಒಳ್ಳೆಯವರು, ಟಾಯ್ಲೆಟ್ ಕೂಡ ಕ್ಲೀನಾಗಿದೆ (ಅಡ್ಮಿಷನ್‌ಗೆ ಹೋದಾಗ ನಾನು ಮೊದಲು ನೋಡಿದ್ದೇ ಅದನ್ನು). ಇಲ್ಲಿ ಬರೆಯುತ್ತಿರುವುದು ಅವರ ರಜೆ ವ್ಯವಸ್ಥೆ ಬಗ್ಗೆ ಮಾತ್ರ. ಮಗುವಿಗೆ ಎರಡು ಮೂರು ದಿನ ರಜೆ ಬೇಕಾದರೆ ಆ್ಯಪಿನಲ್ಲಿ ಅರ್ಜಿ ಹಾಕುವುದು, ಆಫೀಸಿನವರ ಹತ್ತಿರ ಮಾತಾಡುವುದು, ಆಮೇಲೆ ತಪ್ಪಿಹೋದ ಪಾಠ ಬರೆಸುವುದು, ಇಷ್ಟು. ‘ಡಿಜಿಟಲ್ ಸೇವೆ’ ಅಂತ ಫೀಸಿನ ಜೊತೆ ವರ್ಷಕ್ಕೆ 900 ರೂಪಾಯಿ ಕಟ್ಟಿಸಿಕೊಳ್ಳುತ್ತಾರೆ. ದುಡ್ಡು ಕೊಟ್ಟ ಮೇಲೆ ಹೇಗಿದೆ ಅಂತ ಹೇಳಬಹುದು ಅಲ್ವಾ? ಶಾಲೆ ಬನಶಂಕರಿ ಕಡೆಯದು, ಸಿಬಿಎಸ್ಇ. ಹೆಸರು ಹಾಕುವುದಿಲ್ಲ. ಇಬ್ಬರು ಮಕ್ಕಳೂ ಇನ್ನೂ ಅಲ್ಲೇ ಓದಬೇಕು.

ವಿಷಯ ಏನೆಂದರೆ, ಹೋದ ನವೆಂಬರ್ ಕೊನೆಯಲ್ಲಿ ನನ್ನ ತಮ್ಮನ ಮದುವೆ ಇತ್ತು. ನಮ್ಮದು ಮದ್ದೂರು ತಾಲ್ಲೂಕು, ಕೊಪ್ಪದ ಕಡೆ ಒಂದು ಹಳ್ಳಿ. ಬುಧವಾರ ಬೆಳಿಗ್ಗೆ ಮನೆಯಲ್ಲಿ ಚಪ್ಪರ, ಸಂಜೆ ಮಂಡ್ಯದ ಛತ್ರದಲ್ಲಿ ವರಪೂಜೆ, ಗುರುವಾರ ಧಾರೆ, ಶುಕ್ರವಾರ ಹೆಣ್ಣು ಗಂಡನ್ನು ಕರೆದುಕೊಂಡು ಮನೆದೇವರಿಗೆ, ಭಾನುವಾರ ಬೀಗರ ಊಟ. ನನ್ನ ಮಗಳು ಐದನೇ ಕ್ಲಾಸು. ಅವಳೇ ಕಳಸಗಿತ್ತಿ, ಅಂದರೆ ಧಾರೆಯಲ್ಲಿ ಕಳಸ ಹಿಡಿದು ನಿಲ್ಲುವ ಹುಡುಗಿ. ತಮ್ಮನಿಗೆ ಇರುವುದು ನಾನೊಬ್ಬಳೇ ಅಕ್ಕ, ನನಗಿರುವುದು ಅವಳೊಬ್ಬಳೇ ಮಗಳು, ಬೇರೆ ಹುಡುಗಿಯನ್ನು ನಿಲ್ಲಿಸಿ ಎಂದರೆ ನಮ್ಮಮ್ಮ ನನ್ನನ್ನು ಊರೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಒಟ್ಟು ಮೂರು ದಿನದ ರಜೆ ಬೇಕಿತ್ತು.

‘ಭಾನುವಾರ ಇಟ್ಟುಕೊಳ್ಳಬಾರದಿತ್ತಾ?’ ಅಂತ ಕೇಳುವವರಿಗೆ ಒಂದು ಮಾತು. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಡಿಸೆಂಬರ್ 16ಕ್ಕೆ ಧನುರ್ಮಾಸ ಶುರುವಾದರೆ ಸಂಕ್ರಾಂತಿವರೆಗೆ ಇಲ್ಲ. ಹೋದ ವರ್ಷ ಅದರ ಮೇಲೆ ಶುಕ್ರಾಸ್ತ ಬೇರೆ (ಶುಕ್ರ ಗ್ರಹ ಕಾಣದ ದಿನಗಳು, ಆಗಲೂ ಮದುವೆ ಇಲ್ಲ). ಉಳಿದ ನಾಲ್ಕಾರು ಮುಹೂರ್ತಕ್ಕೆ ಇಡೀ ಜಿಲ್ಲೆ ಛತ್ರ ಹುಡುಕುತ್ತಿರುತ್ತದೆ. ಭಾನುವಾರದ ಛತ್ರ ಒಂದು ವರ್ಷ ಮುಂಚೆಯೇ ಹೋಗಿರುತ್ತದೆ. ಬೇಸಿಗೆ ರಜೆಯಲ್ಲಿ ಮಾಡೋಣ ಎಂದರೆ ಹೆಣ್ಣಿನ ಕಡೆಯವರು ಆರು ತಿಂಗಳು ಕಾಯಬೇಕು. ದಸರಾ ರಜೆ ಅಂತೀರಾ? ನಮ್ಮ ಶಾಲೆಯ ದಸರಾ ರಜೆ ಒಂಬತ್ತು ದಿನ. ಊರಿನ ಸರ್ಕಾರಿ ಶಾಲೆಗೆ ಹೋಗುವ ನಮ್ಮ ಚಿಕ್ಕಪ್ಪನ ಮೊಮ್ಮಕ್ಕಳಿಗೆ 2025ರಲ್ಲಿ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ ರಜೆ ಇತ್ತು, ಮೇಷ್ಟ್ರುಗಳೆಲ್ಲ ಜಾತಿ ಸಮೀಕ್ಷೆಗೆ ಮನೆ ಮನೆ ಸುತ್ತುತ್ತಿದ್ದರು ಅಂತ ಅದು ಅಕ್ಟೋಬರ್ 18ರವರೆಗೂ ಎಳೆಯಿತು. ಒಂದೇ ಮನೆಯ ಮಕ್ಕಳಿಗೆ ಒಂದೇ ದಿನ ರಜೆ ಸಿಗುವುದಿಲ್ಲ. ಪಂಚಾಂಗಕ್ಕೂ ಶಾಲೆಯ ಕ್ಯಾಲೆಂಡರಿಗೂ ಹೊಂದುವ ದಿನ ಹುಡುಕಿಕೊಂಡು ಕೂತರೆ ನನ್ನ ತಮ್ಮನಿಗೆ ಮದುವೆಯೇ ಆಗುತ್ತಿರಲಿಲ್ಲ.

ಸರಿ, ಆ್ಯಪಿಗೆ ಬರೋಣ.

‘ರಜೆ ಕೋರಿಕೆ’ ಒತ್ತಿದರೆ ದಿನಾಂಕ ಕೇಳುತ್ತದೆ. ಅದೊಂದು ಸಲೀಸು. ಆಮೇಲೆ ‘ಕಾರಣ’. ಅಲ್ಲಿ ನಾವೇ ಬರೆಯುವ ಹಾಗಿಲ್ಲ, ಕೊಟ್ಟಿರುವ ಪಟ್ಟಿಯಲ್ಲಿ ಒಂದನ್ನು ಆರಿಸಬೇಕು. ಅನಾರೋಗ್ಯ. ಡಾಕ್ಟರ್ ಅಪಾಯಿಂಟ್‌ಮೆಂಟ್. ಕುಟುಂಬದಲ್ಲಿ ಸಾವು. ಕ್ರೀಡೆ ಅಥವಾ ಸ್ಪರ್ಧೆ. ಪಾಸ್‌ಪೋರ್ಟ್ ಅಥವಾ ವೀಸಾ. ಮುಗೀತು. ಮೇಲೆ ಕೆಳಗೆ ಎಷ್ಟು ಸಲ ಎಳೆದು ನೋಡಿದರೂ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನಾಮಕರಣ ಇಲ್ಲ, ಊರ ಹಬ್ಬ ಇಲ್ಲ, ‘ಇತರೆ’ ಕೂಡ ಇಲ್ಲ. ಮನೆಯಲ್ಲಿ ಯಾರಾದರೂ ಸತ್ತರೆ ರಜೆ ಇದೆ, ಮದುವೆಯಾದರೆ ಇಲ್ಲ. ಅಮೆರಿಕಕ್ಕೆ ಹೋಗಲು ವೀಸಾ ಇಂಟರ್‌ವ್ಯೂ ಇದ್ದರೆ ಇದೆ, ಮಂಡ್ಯಕ್ಕೆ ಹೋಗಲು ಇಲ್ಲ.

ನಮ್ಮನೆಯವರು ಪಕ್ಕದಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದರು. ‘ಜ್ವರ ಅಂತ ಹಾಕು, ಎಲ್ರೂ ಅದನ್ನೇ ಮಾಡೋದು’ ಎಂದರು. ಹಾಕಿಯೇ ಬಿಡುತ್ತಿದ್ದೆ. ಮಗಳು ಸೋಫಾ ಮೇಲಿಂದ ತಲೆ ಎತ್ತಿ, ‘ಅಮ್ಮಾ, ಮಿಸ್ ಕೇಳಿದ್ರೆ ಎಷ್ಟು ಡಿಗ್ರಿ ಇತ್ತು ಅಂತ ಹೇಳ್ಲಿ?’ ಅಂದಳು. ತಮಾಷೆಗಲ್ಲ, ನಿಜವಾಗಿಯೇ ಕೇಳಿದಳು. ಉತ್ತರ ತಪ್ಪಬಾರದು ಅಂತ ಪರೀಕ್ಷೆಗೆ ತಯಾರಾಗುವ ಹಾಗೆ. ನನ್ನ ಕೈ ಅಲ್ಲೇ ನಿಂತಿತು.

ಇನ್ನೊಂದು ವಿಷಯ ಆಗ ನೆನಪಾಯಿತು. ಅವಳ ಕನ್ನಡ ವರ್ಕ್‌ಬುಕ್ಕಿನಲ್ಲಿ ಆ ತಿಂಗಳು ಪತ್ರ ಲೇಖನ ನಡೆಯುತ್ತಿತ್ತು. ಪ್ರಶ್ನೆ ಏನು ಗೊತ್ತಾ? ‘ನಿಮ್ಮ ಅಕ್ಕನ ಮದುವೆಯ ಪ್ರಯುಕ್ತ ಮೂರು ದಿನ ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಿರಿ.’ ಕನ್ನಡ ಓದಿದ ಯಾರನ್ನು ಬೇಕಾದರೂ ನಿದ್ದೆಯಿಂದ ಎಬ್ಬಿಸಿ ಕೇಳಿ, ‘ಇಂದ’, ‘ಇವರಿಗೆ’, ‘ಮಾನ್ಯರೇ’ ಅಂತ ಆ ಪತ್ರ ಬಾಯಿಪಾಠ ಹೇಳುತ್ತಾರೆ. ನಾನು ಮದ್ದೂರಿನ ಸರ್ಕಾರಿ ಶಾಲೆಯಲ್ಲಿ ಬರೆದಿದ್ದೇನೆ, ನಮ್ಮಣ್ಣಂದಿರೂ ಬರೆದಿದ್ದಾರೆ. ಇವಳು ಅದಕ್ಕೆ 5ಕ್ಕೆ 4½ ತೆಗೆದುಕೊಂಡಿದ್ದಳು, ‘ತಮ್ಮ ವಿಧೇಯ ವಿದ್ಯಾರ್ಥಿನಿ’ಯಲ್ಲಿ ಧ ತಪ್ಪಿತ್ತಂತೆ. ಮದುವೆಗೆ ರಜೆ ಕೇಳುವುದು ಹೇಗೆ ಅಂತ ಪಾಠ ಮಾಡಿ, ಮಾರ್ಕ್ಸ್ ಕೊಡುವ ಶಾಲೆಯೇ ನಿಜವಾದ ಮದುವೆ ಬಂದಾಗ ಕೇಳಲು ಜಾಗ ಇಟ್ಟಿಲ್ಲ!

ಹಾಗಾಗಿ ಆ್ಯಪಿನಲ್ಲಿ ‘ಸ್ಪರ್ಧೆ’ ಅಂತ ಒತ್ತಿ (ಯಾವುದಾದರೂ ಒಂದು ಒತ್ತದೆ ಮುಂದೆ ಹೋಗುವುದಿಲ್ಲ), ಕೆಳಗಿನ ‘ಟಿಪ್ಪಣಿ’ ಜಾಗದಲ್ಲಿ ‘ಸೋದರಮಾವನ ಮದುವೆ, ಮಗಳು ಕಳಸಗಿತ್ತಿ’ ಅಂತ ಬರೆದು, ಲಗ್ನಪತ್ರಿಕೆಯ ಫೋಟೋ ಸೇರಿಸಿದೆ. ಫೈಲ್ ದೊಡ್ಡದಾಯಿತು ಎಂದಿತು. ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಅಂತ ನಲವತ್ತು ಜನರ ಹೆಸರಿದ್ದರೆ ಫೈಲ್ ದೊಡ್ಡದಾಗದೆ ಇನ್ನೇನು. ಕಟ್ ಮಾಡಿ ಮತ್ತೆ ಹಾಕಿದೆ. ‘ಪರಿಶೀಲನೆಯಲ್ಲಿದೆ’ ಅಂತ ಬಂತು. ಒಂದು ವಾರ ಮುಂಚೆ ಹಾಕಿದ ಅರ್ಜಿ. ಮದುವೆ ಮುಗಿದು, ಬೀಗರ ಊಟದ ಬೋಟಿ ಜೀರ್ಣವಾದ ಮೇಲೂ ಅದು ಪರಿಶೀಲನೆಯಲ್ಲೇ ಇತ್ತು. ಹ್ಞೂಂ ಇಲ್ಲ, ಊಹೂಂ ಇಲ್ಲ.

ಜ್ವರ ಅಂತ ಹಾಕಿದ್ದರೆ? ಅದೂ ಗೊತ್ತಿದೆ. ಸೆಪ್ಟೆಂಬರಿನಲ್ಲಿ ಮಗನಿಗೆ ನಿಜವಾಗಿಯೇ ಜ್ವರ ಬಂದಾಗ ಬೆಳಿಗ್ಗೆ 7ಕ್ಕೆ ಹಾಕಿದೆ, 7:10ಕ್ಕೆ ‘ಅನುಮೋದಿಸಲಾಗಿದೆ, ಬೇಗ ಗುಣವಾಗಲಿ’ ಅಂತ ಹೂವಿನ ಚಿತ್ರದ ಸಮೇತ ಬಂತು. ಎರಡು ದಿನಕ್ಕಿಂತ ಜಾಸ್ತಿಯಾದರೆ ಮಾತ್ರ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಅದನ್ನು ಬರೆದುಕೊಡುವ ಕ್ಲಿನಿಕ್ ಯಾವುದು ಅಂತ ಪೇರೆಂಟ್ಸ್ ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತು, ರೇಟೂ ಗೊತ್ತು. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಈ ವ್ಯವಸ್ಥೆಯಲ್ಲಿ ನಿಜ ಹೇಳುವವರಿಗೆ ಅಲೆದಾಟ, ಸುಳ್ಳು ಹೇಳುವವರಿಗೆ ಹೂವು. ಅದನ್ನು ಮಕ್ಕಳು ಪಕ್ಕದಲ್ಲಿ ಕೂತು ನೋಡುತ್ತಿರುತ್ತಾರೆ.

ಉತ್ತರ ಬರಲಿಲ್ಲವೆಂದು ಸೋಮವಾರ ಆಫೀಸಿಗೆ ಹೋದೆ. ಕೌಂಟರಿನಲ್ಲಿದ್ದವರು ಮೊದಲು ಹೇಳಿದ್ದು, ‘ಮಂಡ್ಯ ತಾನೇ ಮೇಡಂ, ಈಗ ಹೈವೇ ಆಗಿದೆಯಲ್ಲ, ಒಂದೂವರೆ ಗಂಟೆ. ಸ್ಕೂಲ್ ಮುಗಿಸಿಕೊಂಡು ಹೋಗಿ ಬನ್ನಿ.’ 2023ರ ಮಾರ್ಚಿನಲ್ಲಿ ಆ ರಸ್ತೆ ಉದ್ಘಾಟನೆ ಆದಾಗಿನಿಂದ ಈ ಮಾತು ನೂರು ಸಲ ಕೇಳಿದ್ದೇನೆ. ಹೈವೇ ಶುರುವಾದ ಮೇಲೆ ಒಂದೂವರೆ ಗಂಟೆ ಸರಿ, ಬನಶಂಕರಿಯಿಂದ ಕೆಂಗೇರಿ ದಾಟಿ ಕಣಿಮಿಣಿಕೆ ಟೋಲ್ ಮುಟ್ಟುವುದಕ್ಕೆ ಎಷ್ಟು ಹೊತ್ತು ಅಂತ ಅವರು ಲೆಕ್ಕ ಹಾಕುವುದಿಲ್ಲ. ಅದಿರಲಿ, ಧಾರೆ ಬೆಳಿಗ್ಗೆ. ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟ ಮೇಲೆ ಹೋಗಿ ಯಾರ ಧಾರೆ ನೋಡುವುದು?

ಆಮೇಲೆ 75% ಹಾಜರಾತಿ ಅಂತ ಹೆದರಿಸಿದರು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತುಂಬಾ ಜನ ಇಲ್ಲೇ ಸುಮ್ಮನಾಗಿಬಿಡುತ್ತಾರೆ. ಸಿಬಿಎಸ್ಇಯ 75% ನಿಯಮ ಇರುವುದು 10 ಮತ್ತು 12ನೇ ಕ್ಲಾಸಿನ ಬೋರ್ಡ್ ಪರೀಕ್ಷೆಗೆ ಕೂರುವವರಿಗೆ. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಗೂ 75% ಇದೆ. ಆ ಕ್ಲಾಸುಗಳಲ್ಲಿ ಮಕ್ಕಳಿದ್ದರೆ ನಿಜಕ್ಕೂ ಹುಷಾರಾಗಿರಿ, ಅಲ್ಲಿ ಮದುವೆ ಅಂದರೆ ಯಾರೂ ಕೇಳುವುದಿಲ್ಲ. ಇವಳು ಐದನೇ ಕ್ಲಾಸು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಹೇಳುವುದೇನೆಂದರೆ, ಒಂದರಿಂದ ಐದನೇ ಕ್ಲಾಸಿನವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು, ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. 200ರಲ್ಲಿ ಮೂರು ದಿನ ಎಂದರೆ 1.5%. 75 ಎಲ್ಲಿ, 98.5 ಎಲ್ಲಿ? ಇದನ್ನು ಕೌಂಟರಿನಲ್ಲಿ ಹೇಳಿದೆ. ‘ನೀವು ಟೀಚರಾ ಮೇಡಂ?’ ಎಂದರು. ಅಲ್ಲಪ್ಪ, ಬ್ಯಾಂಕಿನಲ್ಲಿ ಇದ್ದೇನೆ, ಶೇಕಡಾವಾರು ಬರುತ್ತದೆ.

ಆಫೀಸಿಗೆ ನನ್ನ ಕಡೆಯಿಂದ ಒಂದು ಸ್ಟಾರ್. ಅದೂ ಕುರ್ಚಿ ಹಾಕಿ ಕೂರಿಸಿದ್ದಕ್ಕೆ.

ಕ್ಲಾಸ್ ಮಿಸ್ ಮಾತ್ರ ಚಿನ್ನ. ಆಫೀಸಿನಿಂದ ಹೊರಗೆ ಬರುವಾಗ ಕಾರಿಡಾರಿನಲ್ಲಿ ಸಿಕ್ಕರು. ನಿಜ ವಿಷಯ ಹೇಳಿದೆ. ನಕ್ಕರು. ‘ಪರವಾಗಿಲ್ಲ, ನೀವಾದ್ರೂ ಮದುವೆ ಅಂದ್ರಿ. ಈ ಸೀಸನ್‌ನಲ್ಲಿ ಜ್ವರ ಬಂದು ವಾಪಸ್ ಬರೋ ಮಕ್ಕಳ ಕೈಯಲ್ಲೆಲ್ಲ ಮೊಣಕೈವರೆಗೆ ಮೆಹಂದಿ ಇರತ್ತೆ’ ಎಂದರು. ಶಾಲೆಯಲ್ಲಿ ಮೆಹಂದಿ ಹಾಕಿಕೊಂಡು ಬರುವ ಹಾಗಿಲ್ಲ ಅಂತ ಬೇರೆ ನಿಯಮ ಇದೆ, ಅದನ್ನೂ ಅವರೇ ನೋಡಿಕೊಳ್ಳುವುದಾಗಿ ಹೇಳಿದರು. ಆದರೆ ಅವರು ಹೇಳಿದ ಇನ್ನೊಂದು ಮಾತು ನನ್ನ ಬಾಯಿ ಮುಚ್ಚಿಸಿತು. ‘ಗುರುವಾರ ಡೆಸಿಮಲ್ ಶುರು ಮಾಡ್ತೀನಿ. ಹೊಸ ಪಾಠ. ನಿಮ್ಮ ಮಗಳೊಬ್ಬಳೇ ಆಗಿದ್ರೆ ಒಂದಿನ ಮುಂದಕ್ಕೆ ಹಾಕ್ತಿದ್ದೆ. ಈ ವಾರ ಆರು ಜನ ಇಲ್ಲ, ಮುಂದಿನ ವಾರ ಇನ್ನು ನಾಲ್ಕು ಜನ ಇರಲ್ಲ. ಯಾರಿಗೆ ಅಂತ ಕಾಯಲಿ?’

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮಗೆ ನಮ್ಮ ಮೂರು ದಿನ ಮಾತ್ರ ಕಾಣುತ್ತದೆ, ಅವರಿಗೆ ಮೂವತ್ನಾಲ್ಕು ಮಕ್ಕಳ ಮೂರು ಮೂರು ದಿನ ಕಾಣುತ್ತದೆ. ಆಫೀಸಿನವರು ಹೈವೇ ಬಗ್ಗೆ ಭಾಷಣ ಮಾಡುವ ಬದಲು ಈ ಒಂದು ಮಾತು ಹೇಳಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಲೂ ಇರಲಿಲ್ಲ. ಪ್ರಾಯಶಃ ಶುಕ್ರವಾರದ ರಜೆಯನ್ನಾದರೂ ಬಿಡುತ್ತಿದ್ದೆ. ಮನೆದೇವರಿಗೆ ಅವಳು ಬರಲೇಬೇಕು ಅಂತ ಇರಲಿಲ್ಲ, ನಿಜ ಹೇಳಬೇಕೆಂದರೆ.

ಹೋದೆವು. ಮಂಗಳವಾರ ಸಂಜೆ ಯೂನಿಫಾರ್ಮಿನಲ್ಲೇ ಕಾರು ಹತ್ತಿಸಿಕೊಂಡು ಹೊರಟೆವು. ಮಗಳು ಹಾಲುಗಂಬ ನೆಡುವಾಗ ಅಜ್ಜಿ ಪಕ್ಕ ನಿಂತು ಇದು ಯಾಕೆ, ಅದು ಯಾಕೆ ಅಂತ ತಲೆ ತಿಂದಳು. ಗುರುವಾರ ಕಳಸ ಹಿಡಿದು ಒಂದು ಗಂಟೆ ಅಲ್ಲಾಡದೆ ನಿಂತಳು, ಮನೆಯಲ್ಲಿ ಊಟಕ್ಕೆ ಐದು ನಿಮಿಷ ಕೂರದ ಹುಡುಗಿ. ಕಳಸಗಿತ್ತಿಗೆ ಕೊಟ್ಟ ಸೀರೆಯನ್ನು ಇವತ್ತಿಗೂ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಮಗ ಆರು ವರ್ಷದವನು, ಅವನ ಪಾಲಿಗೆ ಮದುವೆ ಎಂದರೆ ಛತ್ರದ ಮೆಟ್ಟಿಲು ಮತ್ತು ಐಸ್‌ಕ್ರೀಂ.

ಸರಿಯಾಗಿ ಧಾರೆಯ ಹೊತ್ತಿಗೆ, ವಾಲಗದವರು ಗಟ್ಟಿಮೇಳ ಶುರು ಮಾಡಿದ್ದಾರೆ, ನಾನು ಅಕ್ಷತೆ ಹಿಡಿದು ನಿಂತಿದ್ದೇನೆ, ಫೋನು. ಎತ್ತಿದರೆ ರೆಕಾರ್ಡ್ ಮಾಡಿದ ದನಿ. ‘ಪ್ರಿಯ ಪೋಷಕರೇ, ನಿಮ್ಮ ಮಗು ಇಂದು ತರಗತಿಗೆ ಹಾಜರಾಗಿಲ್ಲ.’ ಗೊತ್ತಪ್ಪಾ, ನನ್ನ ಮುಂದೆಯೇ ಕಳಸ ಹಿಡಿದು ನಿಂತಿದ್ದಾಳೆ! ಮಗು ಶಾಲೆಗೆ ಅಂತ ಹೊರಟು ತಲುಪದೇ ಹೋದರೆ ಈ ಕರೆ ಜೀವ ಉಳಿಸುತ್ತದೆ, ಅದಕ್ಕೆ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಆದರೆ ಒಂದು ವಾರ ಮುಂಚೆ ರಜೆ ಕೇಳಿದ ಅರ್ಜಿ ಅದೇ ಆ್ಯಪಿನಲ್ಲಿ ಬಿದ್ದಿರುವಾಗ? ಮೂರು ದಿನವೂ ಕರೆ ಬಂತು.

ಇಂಗ್ಲೆಂಡಿನಿಂದ ನಮ್ಮ ದೊಡ್ಡಪ್ಪನ ಮಗ ಬಂದಿದ್ದ. ಒಬ್ಬನೇ. ಅತ್ತಿಗೆ, ಮಕ್ಕಳು ಎಲ್ಲಿ ಅಂತ ಎಲ್ಲರೂ ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ಅಲ್ಲಿ ಶಾಲೆ ನಡೆಯುವಾಗ ಒಪ್ಪಿಗೆ ಇಲ್ಲದೆ ಮಕ್ಕಳನ್ನು ಐದು ದಿನ ಬಿಡಿಸಿದರೆ ದಂಡ. 2024ರ ಆಗಸ್ಟಿನಿಂದ ಒಂದು ಮಗುವಿಗೆ, ಒಬ್ಬ ಪೋಷಕರಿಗೆ 80 ಪೌಂಡ್. 21 ದಿನದೊಳಗೆ ಕಟ್ಟದಿದ್ದರೆ 160. ಅಪ್ಪನಿಗೆ ಬೇರೆ, ಅಮ್ಮನಿಗೆ ಬೇರೆ. ಇವರದು ಇಬ್ಬರು ಮಕ್ಕಳು, ಅಂದರೆ 320 ಪೌಂಡ್, ನಮ್ಮ ದುಡ್ಡಿನಲ್ಲಿ 37 ಸಾವಿರದ ಹತ್ತಿರ. ‘ಟಿಕೆಟ್ ದುಡ್ಡಿನ ಮುಂದೆ ಅದೇನು ದೊಡ್ಡದಲ್ಲ, ಆದ್ರೆ ಕೇಸು ಗೀಸು ಅಂತ ಹೆಸರು ಕೆಡಿಸ್ಕೊಳ್ಳೋದು ಬೇಡ ಅಂತ ಬಿಟ್ಟೆ’ ಎಂದ. ನಮ್ಮ ಅಪ್ಪನಿಗೆ ಇದು ನಂಬಲೇ ಆಗಲಿಲ್ಲ. ‘ಮದುವೆಗೆ ಬಂದ್ರೆ ದಂಡಾನಾ?’ ಅಂತ ಮೂರು ಸಲ ಕೇಳಿದರು. ನನಗೆ ಮಾತ್ರ ಒಂದು ಥರ ಹೊಟ್ಟೆಕಿಚ್ಚಾಯಿತು. ದಂಡ ಹಾಕಿ ಅಂತಲ್ಲ. ಅಲ್ಲಿ ಶಾಲೆ ಬಿಡಿಸಿದರೆ ಇಷ್ಟು ಅಂತ ಬರೆದಿಟ್ಟಿದ್ದಾರೆ. ನನ್ನದು ಪರಿಶೀಲನೆಯಲ್ಲಿದೆ.

ಇನ್ನೊಂದು ತುದಿಗೆ ನಮ್ಮ ಅಕ್ಕ, ಚಿಕ್ಕಮ್ಮನ ಮಗಳು, ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮೇಡಂ. ಊರ ಹಬ್ಬ ಬಂದರೆ ಅವರ ಶಾಲೆಯಲ್ಲಿ ಸ್ಥಳೀಯ ರಜೆ ಕೊಟ್ಟು, ಇನ್ನೊಂದು ದಿನ ಕ್ಲಾಸು ಮಾಡಿ ಸರಿದೂಗಿಸುತ್ತಾರಂತೆ. ‘ಕೊಡದಿದ್ರೂ ಯಾರೂ ಬರಲ್ಲ, ಬೆಂಚಿಗೆ ಪಾಠ ಮಾಡಬೇಕಾಗತ್ತೆ’ ಎಂದಳು. ಬೆಂಗಳೂರಿನಲ್ಲಿ ಮೂವತ್ನಾಲ್ಕು ಮಕ್ಕಳಿಗೆ ಮೂವತ್ನಾಲ್ಕು ಊರು, ಇಲ್ಲಿ ಅದು ನಡೆಯುವುದಿಲ್ಲ ಅಂತ ನನಗೂ ಗೊತ್ತು.

ವಾಪಸ್ ಬಂದ ಮೇಲಿನ ಕಥೆ. ಮಿಸ್ ಮೂರು ದಿನದ ನೋಟ್ಸಿನ ಫೋಟೋ ಕಳಿಸಿದ್ದರು, ಶುಕ್ರವಾರದ ಸೈನ್ಸ್ ಟೆಸ್ಟನ್ನು ಮಂಗಳವಾರ ಲಂಚ್ ಬ್ರೇಕಿನಲ್ಲಿ ಕೂರಿಸಿ ಬರೆಸಿದರು. ಇದು ಅವರ ಒಳ್ಳೆಯತನ, ವ್ಯವಸ್ಥೆಯದಲ್ಲ. ಪಕ್ಕದ ಸೆಕ್ಷನ್ನಿನವರಿಗೆ ಸೊನ್ನೆ ಹಾಕಿ ಕೈ ತೊಳೆದುಕೊಂಡರಂತೆ. ಆದರೆ ಡೆಸಿಮಲ್ ಮಾತ್ರ ಕೈಕೊಟ್ಟಿತು. ಸೋಮವಾರ ರಾತ್ರಿ ಕೂತೆವು. 0.5 ದೊಡ್ಡದಾ 0.25 ದೊಡ್ಡದಾ ಎಂದರೆ, 25 ದೊಡ್ಡದು ಅಲ್ವಾ ಅಂತ ಅವಳ ವಾದ. ಬೀಗರ ಊಟದ ಸುಸ್ತು, ನಿದ್ದೆ, ಅಳು. ನಾನೂ ರೇಗಿದೆ. ರೂಪಾಯಿ ಪೈಸೆ ಹಿಡಿದು ಹೇಳಿಕೊಟ್ಟು ದಾರಿಗೆ ಬರಲು ನಾಲ್ಕು ಸಂಜೆ ಬೇಕಾಯಿತು. ಮೂರು ದಿನ ರಜೆ ಪುಕ್ಕಟೆ ಬರುವುದಿಲ್ಲ. ‘ಐದನೇ ಕ್ಲಾಸಲ್ಲಿ ಏನು ಮಹಾ ಪಾಠ’ ಅನ್ನುವವರು ಒಂದು ಸಲ ಡೆಸಿಮಲ್ ಹೇಳಿಕೊಟ್ಟು ನೋಡಲಿ.

ಇನ್ನೊಂದು ಸಣ್ಣ ಬೇಜಾರು. ವಾರ್ಷಿಕೋತ್ಸವದಲ್ಲಿ ‘ಪೂರ್ಣ ಹಾಜರಾತಿ’ ಅಂತ ಮೆಡಲ್ ಕೊಡುತ್ತಾರೆ. ಅದು ಇವಳಿಗೆ ತಪ್ಪಿತು, ತಪ್ಪಲಿ. ಮೆಡಲ್ ಸಿಕ್ಕ ಹುಡುಗ ಒಂದು ವಾರ ಕೆಮ್ಮುತ್ತಾ ಬಂದು ಅರ್ಧ ಕ್ಲಾಸಿಗೆ ಹಂಚಿದ್ದ, ನಮ್ಮ ಮನೆಗೂ ಬಂತು. ಈ ಮೆಡಲನ್ನು ನಿಲ್ಲಿಸಿದರೆ ದೊಡ್ಡ ಉಪಕಾರ.

ಸ್ಟಾರ್ ಲೆಕ್ಕ ಹೀಗೆ. ಆ್ಯಪಿಗೆ ಒಂದೂವರೆ, ಆಫೀಸಿಗೆ ಒಂದು, ಕ್ಲಾಸ್ ಮಿಸ್‌ಗೆ ಐದು (ಆರಿದ್ದರೆ ಆರು). ಸರಾಸರಿ ತೆಗೆದರೆ ಎರಡೂವರೆ, ಅದರಲ್ಲಿ ಮೂರರಲ್ಲಿ ಎರಡು ಪಾಲು ಮಿಸ್‌ದೇ. ಹೊಸದಾಗಿ ಸೇರಿಸುವವರು ಅಡ್ಮಿಷನ್ ಹೊತ್ತಿನಲ್ಲೇ ಕೇಳಿಟ್ಟುಕೊಳ್ಳಿ. ಮನೆಯ ಕಾರ್ಯಕ್ಕೆ ವರ್ಷಕ್ಕೆ ಎಷ್ಟು ದಿನ ಬಿಡುತ್ತೀರಿ, ತಪ್ಪಿದ ಟೆಸ್ಟ್ ಮತ್ತೆ ಬರೆಸುತ್ತೀರಾ? ಈಜುಕೊಳ ಎಷ್ಟು ಉದ್ದ ಅಂತ ಕೇಳುವುದಕ್ಕಿಂತ ಇದು ಉಪಯೋಗಕ್ಕೆ ಬರುತ್ತದೆ. ಶಾಲೆಯವರು ಓದುತ್ತಿದ್ದರೆ, ಪಟ್ಟಿಯಲ್ಲಿ ‘ಕುಟುಂಬದ ಕಾರ್ಯಕ್ರಮ’ ಅಂತ ಒಂದು ಸಾಲು ಸೇರಿಸಿ. ವರ್ಷಕ್ಕೆ ಇಷ್ಟೇ ದಿನ ಅಂತ ಮಿತಿ ಹಾಕಿ, ಟೆಸ್ಟ್ ವಾರದಲ್ಲಿ ಇಲ್ಲ ಅಂತ ಬೇಕಾದರೆ ಹೇಳಿ, ಒಪ್ಪಿಕೊಳ್ಳುತ್ತೇವೆ. ಆಗ ಮಿಸ್‌ಗೂ ಯಾವ ವಾರ ಎಷ್ಟು ಜನ ಇರುವುದಿಲ್ಲ ಅಂತ ಮೊದಲೇ ಗೊತ್ತಾಗುತ್ತದೆ, ಡೆಸಿಮಲ್ ಯಾವಾಗ ಶುರು ಮಾಡಬೇಕು ಅಂತ ಅವರೇ ನೋಡಿಕೊಳ್ಳುತ್ತಾರೆ. ಈಗ ಅವರ ಪುಸ್ತಕದಲ್ಲಿ ಇರುವುದು ಬರೀ ಜ್ವರ.

ಪರೀಕ್ಷೆಗೆ ಮುಂಚೆ, ಫೆಬ್ರವರಿಯಲ್ಲಿ ನಮ್ಮ ಊರಿನ ಮಾರಿಹಬ್ಬ ಇದೆ. ಮಂಗಳವಾರ ಬಿದ್ದಿದೆ. ಒಂದೇ ದಿನ ರಜೆ ಸಾಕು. ಈ ಸಲ ಆ್ಯಪ್ ತೆಗೆಯುವುದಿಲ್ಲ. ಮಗಳು ಗೆರೆ ಹಾಳೆಯಲ್ಲಿ, ‘ಇವರಿಗೆ, ಮುಖ್ಯೋಪಾಧ್ಯಾಯರು’ ಅಂತ ಶುರು ಮಾಡಿ ಆಗಲೇ ಬರೆದಿಟ್ಟಿದ್ದಾಳೆ. ವಿಧೇಯದ ಧ ಸರಿಯಾಗಿದೆ, ನಾನು ನೋಡಿದೆ.